ಬೆಂಕಿಯ ಮುಂದಿನ ಆ ಜೋಡಿ ಯಾರದ್ದು?

ಚಳಿ ದೇಶದ ದೊಡ್ಡ ಮನೆಗಳ ಅಗ್ಗಿಷ್ಟಿಕೆಯಲ್ಲಿ ಸೌದೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯಲು ಎರಡು ಕಬ್ಬಿಣದ ಕಂಬಿಗಳಿರುತ್ತವೆ. ಅವುಗಳ ಮುಂಭಾಗಕ್ಕೆ ಕಂಚಿನ ಅಲಂಕಾರ ಕೂರಿಸಿ, ಅದಕ್ಕೆ ಚಿನ್ನದ ಮುಲಾಮು ಹಾಕಿ ಹದಿನೆಂಟನೇ ಶತಮಾನದ ಪ್ಯಾರಿಸ್ಸಿನವರು ಮೆರೆಸಿದರು. ಫ್ರೆಂಚರು ಇವನ್ನು ಶೆನೆ ಎನ್ನುತ್ತಾರೆ. ಇಂದು ಇವು ಹರಾಜಿಗೆ ಬಂದರೆ ಬೆಲೆ ಏರುವುದು ಕೆಲಸದ ಚೆಂದಕ್ಕೆ ಮಾತ್ರವಲ್ಲ, ಯಾವ ಅರಮನೆಯಲ್ಲಿದ್ದವು, ಯಾರ ಕೈಯಿಂದ ಯಾರ ಕೈಗೆ ಬಂದವು ಎಂಬುದಕ್ಕೂ ಹೌದು. ಹಣ ಇರುವಲ್ಲಿ ಕಥೆಗಳೂ ಹುಟ್ಟುತ್ತವೆ. ಅವನ್ನು ಕೇಳಿ ತಲೆಯಾಡಿಸಿದವರಲ್ಲಿ ನಾವೂ ಇದ್ದೇವೆ.

ತಪ್ಪು ಕಲ್ಪನೆ: ಕಂಚಿನ ಮೇಲೆ ಕಿರೀಟ ಹೊತ್ತ ‘ಸಿ’ ಅಕ್ಷರದ ಪುಟ್ಟ ಮುದ್ರೆ ಕಂಡರೆ ಅದು ರಾಜನ ಸೊತ್ತು, ಇಲ್ಲವೇ ಪ್ರಸಿದ್ಧ ಕುಶಲಕರ್ಮಿ ಕಾಫಿಯೇರಿಯ ಸಹಿ.

ವಾಸ್ತವ: ಎರಡೂ ಅಲ್ಲ. ಅದು ತೆರಿಗೆ ಕಟ್ಟಿದ ಗುರುತು. ಹದಿನೈದನೇ ಲೂಯಿಯ ಸರ್ಕಾರ 1745ರಿಂದ 1749ರವರೆಗೆ ತಾಮ್ರ ಬೆರೆತ ಲೋಹದ ವಸ್ತುಗಳ ಮೇಲೆ ಸುಂಕ ಹಾಕಿತ್ತು. ಸುಂಕ ಸಂದ ವಸ್ತುವಿಗೆ ಈ ಮುದ್ರೆ ಬೀಳುತ್ತಿತ್ತು. ಕಾಫಿಯೇರಿಯ ಹೆಸರು ಸಿ ಅಕ್ಷರದಿಂದ ಶುರುವಾಗುತ್ತದೆಂಬ ಒಂದೇ ಕಾರಣಕ್ಕೆ ಎಷ್ಟೋ ಕಂಚುಗಳು ಅವನ ಖಾತೆಗೆ ಜಮೆಯಾಗಿದ್ದವು. 1924ರಲ್ಲಿ ಆಂರಿ ನೋಕ್ ಎಂಬ ವಿದ್ವಾಂಸ ತೆರಿಗೆಯ ಸಂಗತಿಯನ್ನು ತೋರಿಸಿಕೊಟ್ಟ ಮೇಲೆ ಆ ಲೆಕ್ಕವನ್ನು ತಿದ್ದಬೇಕಾಯಿತು. ಇನ್ನೊಂದು ತೊಡಕೂ ಇದೆ. ಆ ನಾಲ್ಕು ವರ್ಷಗಳಲ್ಲಿ ಕೈ ಬದಲಿಸಿದ ಹಳೆಯ ವಸ್ತುಗಳಿಗೂ ಮುದ್ರೆ ಬಿದ್ದಿದೆ. ಹಾಗಾಗಿ ಮುದ್ರೆ ಅಸಲಿಯಾಗಿದ್ದರೆ ವಸ್ತು 1749ಕ್ಕಿಂತ ಈಚಿನದಲ್ಲ ಎಂದಷ್ಟೇ ಹೇಳಬಹುದು. ಮಾಡಿದವನ ಹೆಸರಾಗಲಿ, ಕೊಂಡವನ ಹೆಸರಾಗಲಿ ಅದರಲ್ಲಿಲ್ಲ. ಅಸಲಿಯಾಗಿದ್ದರೆ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇವೆ. ಮುದ್ರೆ ಒತ್ತುವುದು ಯಾವ ಕಾಲದಲ್ಲೂ ಕಷ್ಟದ ಕೆಲಸವಾಗಿರಲಿಲ್ಲ.

ತಪ್ಪು ಕಲ್ಪನೆ: ಚಿನ್ನದ ಮುಲಾಮನ್ನು ಪಾದರಸ ಬಳಸಿ ಹಾಕಿದ್ದೆಂದು ಪರೀಕ್ಷೆಯಲ್ಲಿ ಗೊತ್ತಾದರೆ ವಸ್ತು ಹದಿನೆಂಟನೇ ಶತಮಾನದ್ದೇ.

ವಾಸ್ತವ: ವಿದ್ಯುತ್ತಿನಿಂದ ಮುಲಾಮು ಹಾಕುವ ವಿಧಾನ 1840ರ ದಶಕದಲ್ಲಿ ಬಂತು ನಿಜ. ಹಳೆಯ ವಿಧಾನ ಅಂದೇ ನಿಂತುಹೋಗಲಿಲ್ಲ. ಹತ್ತೊಂಬತ್ತನೇ ಶತಮಾನದ ಒಳ್ಳೆಯ ನಕಲುಗಾರರು ಪಾದರಸವನ್ನೇ ಬಳಸಿದರು. ನಕಲನ್ನು ಹಿಡಿಯಲು ಬೇರೆ ಸುಳಿವಿದೆ: ಹಳೆಯ ತುಂಡಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ತಣಿಯುವಾಗ ಕುಗ್ಗಿ, ನಕಲು ಮೂಲಕ್ಕಿಂತ ತುಸು ಚಿಕ್ಕದಾಗುತ್ತದೆ. ಹೊಳಪಿಗಿಂತ ಅಳತೆಪಟ್ಟಿ ಹೆಚ್ಚು ನಂಬಿಕಸ್ಥ.

ತಪ್ಪು ಕಲ್ಪನೆ: ಅರಮನೆಯ ಹಳೆಯ ಪಟ್ಟಿಯಲ್ಲಿ ಇಂಥದೇ ಜೋಡಿಯ ವರ್ಣನೆ ಸಿಕ್ಕಿತೆಂದರೆ ಒಡೆತನ ರುಜುವಾತಾದಂತೆ.

ವಾಸ್ತವ: ವರ್ಣನೆ ಹೊಂದುವುದು ಬೇರೆ, ವಸ್ತು ಅದೇ ಆಗಿರುವುದು ಬೇರೆ. 1772ರಲ್ಲಿ ಫಾಂಟೆನ್‌ಬ್ಲೋ ಅರಮನೆಯಲ್ಲಿ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ್ಯು ಬಾರಿಯ ದಿವಾನಖಾನೆಗೆಂದು ಕಂಚಿನ ಕುಶಲಕರ್ಮಿ ಪಿತ್ವಾ ಮಾಡಿಕೊಟ್ಟ ಶೆನೆಗಳಲ್ಲಿ ಒಂದರ ಮೇಲೆ ಸಾರಂಗ, ಇನ್ನೊಂದರ ಮೇಲೆ ಕಾಡುಹಂದಿ. ಆ ಜೋಡಿ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದೇ ಮಾದರಿಯ ಸಾರಂಗ, ಹಂದಿಗಳು ಮುಂದಿನ ಶತಮಾನದಲ್ಲಿ ಮತ್ತೆ ಮತ್ತೆ ಎರಕಗೊಂಡವು. ಅಂಥದೊಂದು ಜೋಡಿ ಕಂಡಾಗ ದ್ಯು ಬಾರಿಯ ಹೆಸರು ತುಟಿಗೆ ಬರುವುದು ಸಹಜ. ಪುರಾವೆಯಾಗಿ ಅದು ನಿಲ್ಲುವುದಿಲ್ಲ.

ಖಾಸಗಿ ಮನೆಗಳ ಕಾಗದ ಇನ್ನೂ ಜಿಪುಣ. ಯಜಮಾನ ಸತ್ತಾಗ ನೋಟರಿ ಬಂದು ಕೋಣೆಕೋಣೆಯ ಸಾಮಾನು ಬರೆದುಕೊಳ್ಳುತ್ತಿದ್ದ. ಸಲಿಕೆ, ಇಕ್ಕಳ, ಶೆನೆ ಎಲ್ಲ ಸೇರಿ ಒಂದೇ ಸಾಲು, ಒಂದೇ ಬೆಲೆ. ಶೆನೆಯ ಮೇಲಿರುವುದು ಸಿಂಹವೋ ಹೂಜಿಯೋ, ಅವನಿಗೇನಾಗಬೇಕು! ಮೇಜು ಕುರ್ಚಿ ಮಾಡುವ ಬಡಗಿಗಳಿಗೆ ಹೆಸರಿನ ಮುದ್ರೆ ಒತ್ತುವ ಕಟ್ಟಳೆಯಿತ್ತು, ಕಂಚಿನವರಿಗೆ ಇರಲಿಲ್ಲ. ಆದ್ದರಿಂದ ಅಳತೆ, ದಾಸ್ತಾನು ಸಂಖ್ಯೆ, ಲೋಹದ ಮೇಲಿನ ಗುರುತು ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕಾಗದದ ಜೊತೆ ತಾಳೆಯಾಗಬೇಕು. ತಾಳೆಯಾದ ಮೇಲೂ ಎಚ್ಚರ ಬೇಕು: ವರ್ಸೈ ಅರಮನೆಯವರು ತಮ್ಮದೇ ಹಳೆಯ ಸೊತ್ತೆಂದು ನಂಬಿ ಕೊಂಡ ಕುರ್ಚಿಗಳು ನಕಲಿ ಎಂಬ ಹಗರಣ 2016ರಲ್ಲಿ ಬಯಲಾಯಿತು.

ತಪ್ಪು ಕಲ್ಪನೆ: ಫ್ರೆಂಚ್ ಕ್ರಾಂತಿಯಲ್ಲಿ ಎಲ್ಲ ಸುಟ್ಟು ಲೂಟಿಯಾಯಿತು, ಅದರಾಚೆ ಹುಡುಕುವುದು ವ್ಯರ್ಥ.

ವಾಸ್ತವ: ಕ್ರಾಂತಿಯ ಸರ್ಕಾರ ವರ್ಸೈನ ಸಾಮಾನನ್ನು ಹರಾಜು ಹಾಕಿತು. 1793ರ ಆಗಸ್ಟ್‌ನಿಂದ 1794ರ ಆಗಸ್ಟ್‌ವರೆಗೆ 17,182 ಬಾಬ್ತುಗಳು ಮಾರಾಟವಾದವು, ಅದರ ದಾಖಲೆ ಉಳಿದಿದೆ. ರಾಜಮನೆತನದ ಉಗ್ರಾಣದ ದಿನಚರಿ ಪುಸ್ತಕಗಳೂ ಪ್ಯಾರಿಸ್ಸಿನ ರಾಷ್ಟ್ರೀಯ ದಫ್ತರದಲ್ಲಿವೆ. ಲಜಾರ್ ದ್ಯುವೋ ಎಂಬ ವ್ಯಾಪಾರಿ 1748ರಿಂದ 1758ರವರೆಗೆ ಯಾರಿಗೆ ಏನು ಮಾರಿದೆನೆಂದು ಬರೆದಿಟ್ಟ ಖಾತೆಪುಸ್ತಕ 1873ರಲ್ಲಿ ಅಚ್ಚಾಯಿತು. ಹದಿನೈದನೇ ಲೂಯಿಯ ಇನ್ನೊಬ್ಬ ಪ್ರೇಯಸಿ ಮದಾಂ ದ ಪಾಂಪದೂರ್ ಕೊಂಡದ್ದೂ ಅದರಲ್ಲಿದೆ. ಕಷ್ಟವಿರುವುದು ಹರಾಜಿನ ನಂತರದ ದಾರಿಯಲ್ಲಿ, ವ್ಯಾಪಾರಿಗಳ ಕೈಯಿಂದ ಇಂಗ್ಲೆಂಡಿಗೋ ಮತ್ತೆಲ್ಲಿಗೋ ಹೋದಾಗ.

ತಪ್ಪು ಕಲ್ಪನೆ: ಗಿಲೊಟಿನ್‌ಗೆ ತಲೆ ಕೊಟ್ಟ ರಾಣಿಯ ಸಾಮಾನು ಮನೆಗೆ ತಂದರೆ ಕೇಡು ತಪ್ಪದು.

ವಾಸ್ತವ: ಮಾರಿ ಆಂತ್ವಾನೆತ್‌ಳ ವಸ್ತುಗಳು ದೊಡ್ಡ ಸಂಗ್ರಹಾಲಯಗಳಲ್ಲಿ ದಿನವೂ ಜನರ ನಡುವೆಯೇ ಇವೆ. ಇಂಥ ಭಯದ ಕಥೆಯಿಂದ ಮಾರುವವನಿಗೆ ನಷ್ಟವಿಲ್ಲ; ಶಾಪದ ಮಾತಿನ ಜೊತೆಗೇ ರಾಣಿಯ ಹೆಸರು ಪುಕ್ಕಟೆಯಾಗಿ ಅಂಟಿಕೊಳ್ಳುತ್ತದೆ. ನಿಜವಾದ ಕೇಡು ಅನುಭವಿಸಿದವರು ಮುಲಾಮು ಹಾಕಿದ ಕೆಲಸಗಾರರು. ಚಿನ್ನ ಬೆರೆಸಿದ ಪಾದರಸವನ್ನು ಕಂಚಿಗೆ ಸವರಿ ಕಾಯಿಸಿದಾಗ ಏಳುವ ವಿಷದ ಆವಿ ಅವರ ನರಗಳನ್ನು ಹಾಳುಮಾಡಿ ಕೈನಡುಕ ತರುತ್ತಿತ್ತು.

ತಪ್ಪು ಕಲ್ಪನೆ: ಹಿಂದಿನ ಒಡೆಯರ ಪಟ್ಟಿಯಲ್ಲಿ ದೊಡ್ಡ ಮನೆತನದ ಹೆಸರುಗಳಿದ್ದರೆ ಸಾಕು, ನಡುವೆ ಒಂದೆರಡು ದಶಕ ಬಿಟ್ಟುಹೋಗಿದ್ದರೆ ತೊಂದರೆಯಿಲ್ಲ.

ವಾಸ್ತವ: ಯಾವ ದಶಕ ಎಂಬುದೇ ಇಲ್ಲಿನ ಪ್ರಶ್ನೆ. ನಿವೇಶನ ಕೊಳ್ಳುವಾಗ ಮೂಲಪತ್ರದಲ್ಲಿ ಗೌಡರ ಹೆಸರು ಕಂಡಿತೆಂದು ಯಾರೂ ಮುಂಗಡ ಕೊಡುವುದಿಲ್ಲ; ನಡುವಿನ ಎಲ್ಲ ವರ್ಷಗಳ ಇ.ಸಿ. ತೆಗೆಸುತ್ತೇವೆ. ಶೆನೆಗಳ ವಿಷಯದಲ್ಲಿ 1933ರಿಂದ 1945ರವರೆಗಿನ ಖಾಲಿ ಜಾಗ ಎಲ್ಲಕ್ಕಿಂತ ಅಪಾಯದ್ದು. ನಾಜಿಗಳು ಫ್ರಾನ್ಸಿನ ಯಹೂದಿಗಳ ಸಂಗ್ರಹಗಳನ್ನು ಲೂಟಿ ಮಾಡಿ ಪ್ಯಾರಿಸ್ಸಿನ ಜೋ ದ ಪೋಮ್ ಕಟ್ಟಡದಲ್ಲಿ ರಾಶಿ ಹಾಕಿದರು. ಸಾಮಾನ್ಯ ಯಹೂದಿಗಳ ಖಾಲಿಯಾದ ಮನೆಗಳ ಪೀಠೋಪಕರಣವನ್ನೂ ಬಿಡಲಿಲ್ಲ. ದೋಚಿದವರು ಲೆಕ್ಕ ಬರೆಯುವುದರಲ್ಲಿ ಮಾತ್ರ ಅಚ್ಚುಕಟ್ಟು: ರಾಥ್‌ಚೈಲ್ಡ್ ಮನೆತನದ ಸಾಮಾನಿಗೆ ‘ಆರ್’ ಅಕ್ಷರ, ಮುಂದೆ ಸಂಖ್ಯೆ. ಆ ಕಾರ್ಡುಗಳು ಇಂದೂ ಇವೆ. ಅದೇ ಕಟ್ಟಡದಲ್ಲಿ ಕೆಲಸಕ್ಕಿದ್ದ ರೋಸ್ ವಲಾಂ ಯಾವ ಸಾಮಾನು ಎಲ್ಲಿಗೆ ಹೋಗುತ್ತಿದೆಯೆಂದು ಗುಟ್ಟಾಗಿ ಬರೆದಿಟ್ಟುಕೊಂಡದ್ದು ಯುದ್ಧದ ನಂತರ ಹುಡುಕಾಟಕ್ಕೆ ದಾರಿ ತೋರಿಸಿತು.

ಯುದ್ಧ ಮುಗಿದ ಮೇಲೆ ಫ್ರೆಂಚ್ ಸರ್ಕಾರ ಕಳೆದುಹೋದ ವಸ್ತುಗಳ ಪಟ್ಟಿಯನ್ನು ಸಂಪುಟಗಳಲ್ಲಿ ಅಚ್ಚು ಹಾಕಿಸಿತು, ಪೀಠೋಪಕರಣಗಳೂ ಅದರಲ್ಲಿವೆ. ಜರ್ಮನಿ, ಆಸ್ಟ್ರಿಯಾಗಳಿಂದ ಸುಮಾರು 60,000 ವಸ್ತುಗಳು ಫ್ರಾನ್ಸಿಗೆ ಮರಳಿ, ಸುಮಾರು 45,000 ವಸ್ತುಗಳು ಒಡೆಯರಿಗೆ ಸೇರಿದವು. ಉಳಿದವುಗಳಲ್ಲಿ ಒಡೆಯರು ಗೊತ್ತಾಗದ ಸುಮಾರು ಎರಡು ಸಾವಿರ ವಸ್ತುಗಳು ಇಂದಿಗೂ ಫ್ರಾನ್ಸಿನ ಸಂಗ್ರಹಾಲಯಗಳ ಸುಪರ್ದಿಯಲ್ಲಿವೆ, ಸೊತ್ತಾಗಿ ಅಲ್ಲ. ವಾರಸುದಾರರು ಪುರಾವೆ ತಂದರೆ ಅವನ್ನು ಹಿಂದಿರುಗಿಸಬೇಕು.