ಗೇರು ಬದಲಿಸುವ ಕೆಂಪು ಎಣ್ಣೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕ ಮಕ್ಕಳು ಚಾಲಕನನ್ನೇ ನೋಡುತ್ತಾರೆ. ಕಾಲು ಕ್ಲಚ್ ಒತ್ತುತ್ತದೆ, ಕೈ ಗೇರು ಬದಲಿಸುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಈ ಕೆಲಸ ಯಾರದು?

ಬಹುಮಟ್ಟಿಗೆ ಒಂದು ಎಣ್ಣೆಯದು! ತಿರುಗುವ ಫ್ಯಾನಿನ ಎದುರು ಇನ್ನೊಂದು ಫ್ಯಾನ್ ಇಟ್ಟರೆ ಗಾಳಿಯ ಹೊಡೆತಕ್ಕೆ ಅದೂ ತಿರುಗುತ್ತದಲ್ಲವೆ? ಟಾರ್ಕ್ ಕನ್ವರ್ಟರಿನ ತತ್ತ್ವವೂ ಇದೇ; ಗಾಳಿಯ ಬದಲು ಎಣ್ಣೆ. ಅದೇ ಎಣ್ಣೆಯ ಒತ್ತಡ ಒಳಗಿನ ಕ್ಲಚ್‌ಗಳನ್ನು ಬಿಗಿದು ಗೇರು ಬದಲಿಸುತ್ತದೆ. ಸವೆತ ತಗ್ಗಿಸಿ ಶಾಖವನ್ನೂ ಹೊರಗೊಯ್ಯುತ್ತದೆ.

ಆದರೆ ಅತಿ ಶಾಖವೇ ಅದರ ಶತ್ರು. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪು. ಸೋರಿದರೆ ಎಂಜಿನ್ ಎಣ್ಣೆಯಲ್ಲವೆಂದು ತಿಳಿಯಲು ಬಣ್ಣ ಬೆರೆಸಿರುತ್ತಾರೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಕೆಳಗಿನ ಬಿರಡೆ ಬಿಚ್ಚಿದರೆ ಎಲ್ಲ ಎಣ್ಣೆಯೂ ಇಳಿಯದು. ಒಂದಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದದ್ದನ್ನು ಅಳೆದು ಅಷ್ಟೇ ತುಂಬಿ, ಕೈಪಿಡಿ ಹೇಳಿದಂತೆ ಮಟ್ಟ ನೋಡಬೇಕು. ಎಣ್ಣೆಯ ಜಾತಿಯೂ ಕೈಪಿಡಿಯದ್ದೇ ಆಗಬೇಕು. 2014ರಿಂದ ನಮ್ಮಲ್ಲಿ ಬಂದ ಎ.ಎಂ.ಟಿ. ಕಾರುಗಳಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಅವುಗಳ ಎಣ್ಣೆಯೇ ಬೇರೆ.

ಹಳೆಯ ಎಣ್ಣೆ ಎಲ್ಲಿಗೆ? ಹೊಳಲ್ಕೆರೆಯಾಗಲಿ, ಹೊಸದುರ್ಗವಾಗಲಿ, ಚರಂಡಿಗೆ ಸುರಿದದ್ದು ಮಳೆನೀರಿನೊಡನೆ ಹಳ್ಳ, ಕೆರೆ ಸೇರುತ್ತದೆ. 1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯೇ ನೋಡಲು ಹೋಗಿತ್ತು. ನೀರಿನ ಬೆಲೆ ಬಲ್ಲ ಸೀಮೆ ಇದು. ಬಳಸಿದ ಎಣ್ಣೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಕೇಂದ್ರಕ್ಕೆ ಕೊಡುವುದೇ ಸರಿ. ಅಪ್ಪ ಮರೆತರೆ ಮಕ್ಕಳು ನೆನಪಿಸಲಿ.