ಹತ್ತು ಗೋಲ್ ಆದ್ಮೇಲೆ ಒಂದು ಗೋಲ್

2022ರ ನವೆಂಬರ್ 23. ನಾನಾಗ ಫಸ್ಟ್ ಪಿಯುಸಿ. ಟ್ಯೂಷನ್‌ಗೆ ಚಕ್ಕರ್ ಹೊಡೆದು ಫ್ರೆಂಡ್ ಮನೆಯಲ್ಲಿ ವರ್ಲ್ಡ್ ಕಪ್ ಮ್ಯಾಚ್ ನೋಡ್ತಾ ಕೂತಿದ್ದೆ. ಜರ್ಮನಿ 1, ಜಪಾನ್ 0. 75ನೇ ನಿಮಿಷದಲ್ಲಿ ದೋಆನ್ ಸಮ ಮಾಡಿದ. 83ನೇ ನಿಮಿಷದಲ್ಲಿ ಹಿಂದಿನಿಂದ ಬಂದ ಉದ್ದನೆಯ ಪಾಸನ್ನು ತಕುಮಾ ಅಸಾನೊ ಕಾಲಲ್ಲೇ ಹಿಡಿದು, ಡಿಫೆಂಡರನ್ನ ಹತ್ತಿರಕ್ಕೆ ಬಿಡದೆ ಓಡಿ, ಬಾಲ್ ಹೋಗೋಕೆ ಜಾಗವೇ ಇಲ್ಲ ಅನ್ನೋ ಆ್ಯಂಗಲ್‌ನಿಂದ ನಾಯರ್‌ನ ತಲೆ ಮೇಲೆ ಗೋಲ್ ಹೊಡೆದ. ಜಪಾನ್ ಗೆದ್ದಿತು. ಅವತ್ತಿನಿಂದ ನಾನು ಅಸಾನೊ ಫ್ಯಾನ್. ಹಿರೋಶಿಮಾದಲ್ಲಿ ಶುರು ಮಾಡಿದ್ದು, ಆರ್ಸೆನಲ್ ತಗೊಂಡಿದ್ದು, ವರ್ಕ್ ಪರ್ಮಿಟ್ ಸಿಗದೆ ಅಲ್ಲಿ ಒಂದು ಮ್ಯಾಚೂ ಆಡದೆ ಜರ್ಮನಿಗೆ ಹೋಗಿದ್ದು, ಆಮೇಲೆ ಬೆಲ್‌ಗ್ರೇಡ್‌ನ ಪಾರ್ಟಿಜಾನ್, ಬೋಹುಮ್... ಎಲ್ಲಾ ಬಾಯಿಪಾಠ.

ಇದನ್ನೆಲ್ಲ ಒಂದಿನ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗೆ ಹೇಳ್ತಿದ್ದೆ. ಅವನು ಕೋಲ್ಕತ್ತದವನು. ಎಲ್ಲಾ ಕೇಳಿಸಿಕೊಂಡು, "ಸರಿ, ನಿಮ್ಮ ಕರ್ನಾಟಕದ ಒಬ್ಬ ಫಾರ್ವರ್ಡ್ ಹೆಸರು ಹೇಳು" ಅಂದ. ನಾನು ತಕ್ಷಣ "ಸುನಿಲ್ ಛೆಟ್ರಿ" ಅಂದೆ. "ಅವರು ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ. ಅಹಮದ್ ಖಾನ್ ಗೊತ್ತಿಲ್ವಾ? ನಮ್ಮ ತಾತ ಇವತ್ತಿಗೂ ಅವರ ಹೆಸರು ಹೇಳ್ತಾರೆ" ಅಂದ. ಹುಟ್ಟಿ ಬೆಳೆದದ್ದೆಲ್ಲ ಮೈಸೂರಲ್ಲೇ ಆದರೂ ನಾನು ಆ ಹೆಸರನ್ನೇ ಕೇಳಿರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ್ದು ಈ ಲೇಖನ.

ಅಹಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಲ್ಲಿ. ಆಗ ಅದು ಮೈಸೂರು ಸಂಸ್ಥಾನ. ಬೆಂಗಳೂರಿನ ಕಂಟೋನ್ಮೆಂಟ್‌ನಲ್ಲಿ ಬ್ರಿಟಿಷ್ ಸೈನಿಕರು ಫುಟ್‌ಬಾಲ್ ಆಡ್ತಿದ್ರು, ಸುತ್ತಮುತ್ತಲ ಹುಡುಗರು ಅದನ್ನ ನೋಡಿ ಬರಿಗಾಲಲ್ಲಿ ಕಲಿತರು. ಹಾಗೆ ಬೆಳೆದ ಆಟ ಎಷ್ಟು ಗಟ್ಟಿಯಾಗಿತ್ತು ಅಂದ್ರೆ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನ 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಗೆದ್ದಿತು. 1952-53ರಲ್ಲಿ ಮತ್ತೆ ಗೆದ್ದಿತು.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ಜುಲೈ 31ರಂದು ಫ್ರಾನ್ಸ್ ವಿರುದ್ಧ ಮ್ಯಾಚ್. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ. 70ನೇ ನಿಮಿಷದಲ್ಲಿ ಭಾರತಕ್ಕೆ ಗೋಲ್ ಹೊಡೆದು 1-1 ಮಾಡಿದವರು ಎಸ್. ರಾಮನ್. ಅವರೂ ನಮ್ಮ ಮೈಸೂರು ರಾಜ್ಯದವರೇ! ಎರಡು ಪೆನಾಲ್ಟಿ ವೇಸ್ಟ್ ಆಗಿ, ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು ಭಾರತ 2-1ರಲ್ಲಿ ಸೋತಿತು. ಆ ಒಲಿಂಪಿಕ್ಸ್ ತಂಡದಲ್ಲಿ ಅಹಮದ್ ಖಾನ್ ಕೂಡ ಇದ್ದರು.

ಮರುವರ್ಷ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಯಾಕೆ ಹೋದರು ಅಂತ ಕೇಳಬೇಡಿ. ನಾವು ಕೋರ್ ಜಾಬ್ ಹುಡುಕಿಕೊಂಡು ಬೇರೆ ಊರಿಗೆ ಹೋಗಲ್ವಾ? ದೇಶಕ್ಕೆಲ್ಲ ಸೇರಿ ಒಂದು ಲೀಗ್ ಅನ್ನೋದೇ ಆಗ ಇರಲಿಲ್ಲ. ದೊಡ್ಡ ಕ್ಲಬ್, ದೊಡ್ಡ ಲೀಗ್, ತುಂಬಿದ ಮೈದಾನ ಅಂದ್ರೆ ಕೋಲ್ಕತ್ತ.

ಇಲ್ಲಿ ಸ್ವಲ್ಪ ಟೆಕ್ನಿಕಲ್ ವಿಷಯ. ಆಗ ಟೀಮ್‌ಗಳು 2-3-5 ಫಾರ್ಮೇಷನ್‌ನಲ್ಲಿ ಆಡ್ತಿದ್ದವು. ಅಂದ್ರೆ ಇಬ್ಬರು ಡಿಫೆಂಡರ್, ಮೂವರು ಹಾಫ್, ಐವರು ಫಾರ್ವರ್ಡ್. ಅಹಮದ್ ಖಾನ್ ಜಾಗ ಇನ್‌ಸೈಡ್ ಲೆಫ್ಟ್. ಸ್ವಲ್ಪ ಹಿಂದೆ ಬಂದು ಬಾಲ್ ತಗೊಳ್ಳೋದು, ಎದುರಿಗೆ ಬಂದವನನ್ನ ದಾಟಿಸೋದು, ಮಧ್ಯದಲ್ಲಿರುವ ಸೆಂಟರ್ ಫಾರ್ವರ್ಡ್‌ಗೆ ಕೊಡೋದು ಅವರ ಕೆಲಸ. ಬಾಲ್ ಅವರ ಕಾಲಿಗೆ ಎಷ್ಟು ಅಂಟಿಕೊಂಡಿರ್ತಿತ್ತು ಅಂದ್ರೆ, ಅವರನ್ನ 'ಹಾವಾಡಿಗ' ಅಂತಲೇ ಕರೀತಿದ್ರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ: ಈ ಐವರು ಫಾರ್ವರ್ಡ್‌ಗಳಿಗೆ ಕೋಲ್ಕತ್ತದ ಜನ ಇಟ್ಟ ಹೆಸರು 'ಪಂಚ ಪಾಂಡವರು'. ಹೆಸರುಗಳನ್ನ ಇನ್ನೊಂದ್ಸಲ ಓದಿ, ಐವರೂ ದಕ್ಷಿಣದವರು. ಇವರಿದ್ದಾಗ ಈಸ್ಟ್ ಬೆಂಗಾಲ್ 1949, 50, 51ರಲ್ಲಿ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಗೆದ್ದಿತು.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಇರಾನ್ ವಿರುದ್ಧ 1-0. ಭಾರತಕ್ಕೆ ಚಿನ್ನ. ಅಹಮದ್ ಖಾನ್ ಆ ತಂಡದಲ್ಲಿದ್ದರು. ಮೂರನೇ ಸ್ಥಾನ, ಕಂಚು ಯಾರಿಗೆ ಗೊತ್ತಾ? ಜಪಾನ್‌ಗೆ.

ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. ಅದರ ರಾಜಧಾನಿ, ನನ್ನ ಅಸಾನೊ ಆಮೇಲೆ ಆಡಿದ ಅದೇ ಬೆಲ್‌ಗ್ರೇಡ್. ಚಳಿಯ ಊರು, ತಣ್ಣನೆಯ ಹುಲ್ಲು, ಆದರೂ ನಮ್ಮವರಲ್ಲಿ ಹಲವರು ಬರಿಗಾಲು. ಫಸ್ಟ್ ಇಯರ್‌ನಲ್ಲಿ ಓದಿದ ಫ್ರಿಕ್ಷನ್ ನೆನಪಿದ್ಯಾ? ಒಣ ಗಟ್ಟಿ ನೆಲದಲ್ಲಿ ಬರಿಗಾಲಿಗೆ ಒಳ್ಳೇ ಹಿಡಿತ ಸಿಗುತ್ತೆ, ಬಾಲ್‌ನ ಸ್ಪರ್ಶವೂ ನೇರವಾಗಿ ಗೊತ್ತಾಗುತ್ತೆ. ಒದ್ದೆ ಹುಲ್ಲಿನಲ್ಲಿ ಮ್ಯೂ ಬೆಲೆ ಇಳಿದುಹೋಗುತ್ತೆ. ಬೂಟಿನ ಸ್ಟಡ್ ಮಣ್ಣಿನೊಳಗೆ ಇಳಿದು ಕಚ್ಚಿಕೊಳ್ಳುವುದರಿಂದ ಅದು ಬರೀ ಫ್ರಿಕ್ಷನ್ ಮೇಲೆ ನಿಂತಿರಲ್ಲ. ಹಾಗಾಗಿ ತಕ್ಷಣ ತಿರುಗೋದು, ತಕ್ಷಣ ಓಡೋದು ಬೂಟು ಹಾಕಿದವರಿಗೇ ಸುಲಭ. ಸಾಲದ್ದಕ್ಕೆ ಆಗಿನ ಚರ್ಮದ ಬಾಲ್ ನೀರು ಕುಡಿದು ಭಾರ ಆಗ್ತಿತ್ತು. ಅದನ್ನ ಬರಿಗಾಲಲ್ಲಿ ಒದೆಯೋದು ಊಹಿಸಿಕೊಳ್ಳಿ.

ಹಾಗಂತ ಸೋಲಿಗೆ ಬರಿಗಾಲೊಂದೇ ಕಾರಣ ಅನ್ನೋಕಾಗಲ್ಲ. ಯುಗೊಸ್ಲಾವಿಯ ಆ ಸಲ ಬೆಳ್ಳಿ ಗೆದ್ದ ತಂಡ. 87ನೇ ನಿಮಿಷಕ್ಕೆ ಸ್ಕೋರ್ 10-0. ನಾನು ನಮ್ಮ ಕಾಲೇಜ್ ಟೀಮ್‌ನಲ್ಲಿ ಫಾರ್ವರ್ಡ್. ಹೋದ ಸೆಮ್‌ನಲ್ಲಿ ಒಂದು ಮ್ಯಾಚ್‌ನಲ್ಲಿ 4-0 ಆದಾಗಲೇ ನಾನು ಓಡೋದು ಬಿಟ್ಟು ಸೊಂಟಕ್ಕೆ ಕೈ ಇಟ್ಟು ನಿಂತಿದ್ದೆ. 10-0 ಆದ್ಮೇಲೆ ಯಾರಿಗೆ ಓಡೋ ಮನಸ್ಸು ಬರುತ್ತೆ? 89ನೇ ನಿಮಿಷದಲ್ಲಿ ಭಾರತ ಒಂದು ಗೋಲ್ ಹೊಡೆಯಿತು. ಹೊಡೆದವರು ಅಹಮದ್ ಖಾನ್. ಆ ಗೋಲ್‌ನಿಂದ ಮ್ಯಾಚ್ ಏನೂ ಬದಲಾಗಲಿಲ್ಲ. ಆದರೆ ಇದನ್ನ ಓದಿದ ಮೇಲೆ ನನಗೆ ಸೊಂಟದ ಮೇಲೆ ಕೈ ಇಡೋಕೆ ನಾಚಿಕೆ ಆಗುತ್ತೆ.

ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಅಹಮದ್ ಖಾನ್ ಮುಂದೆ ಹಲವು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿದರು. ತೀರಿಕೊಂಡದ್ದು 2017ರ ಆಗಸ್ಟ್‌ನಲ್ಲಿ, ಬೆಂಗಳೂರಲ್ಲೇ. ಆಗ ನಾನು ಪ್ರೈಮರಿ ಸ್ಕೂಲ್. ನಮ್ಮ ಕ್ಲಾಸಲ್ಲಿ ಮೆಸ್ಸಿ, ರೊನಾಲ್ಡೊ ಜಗಳ ಜೋರಾಗಿ ನಡೀತಿತ್ತು.

1951ರಲ್ಲಿ ನಮ್ಮ ಹಿಂದಿದ್ದ ಜಪಾನ್ ಈಗೆಲ್ಲಿ, ನಾವೆಲ್ಲಿ? ಜಪಾನ್ 1993ರಲ್ಲಿ ಜೆ-ಲೀಗ್ ಅನ್ನೋ ಪ್ರೊಫೆಷನಲ್ ಲೀಗ್ ಶುರು ಮಾಡಿತು. 1998ರಿಂದ ಒಂದು ವರ್ಲ್ಡ್ ಕಪ್ಪನ್ನೂ ತಪ್ಪಿಸಿಕೊಂಡಿಲ್ಲ. ನಮ್ಮ ನ್ಯಾಷನಲ್ ಲೀಗ್ ಶುರುವಾದದ್ದು 1996ರಲ್ಲಿ, ಐಎಸ್‌ಎಲ್ 2014ರಲ್ಲಿ. ಲೀಗ್ ಒಂದರಿಂದಲೇ ಎಲ್ಲಾ ಆಗಲ್ಲ ನಿಜ. ಆದರೆ ಅಸಾನೊಗೆ ಹಿರೋಶಿಮಾದಿಂದ ಯುರೋಪಿನವರೆಗೆ ಒಂದೊಂದೇ ಮೆಟ್ಟಿಲು ಇತ್ತು. ಅಹಮದ್ ಖಾನ್‌ಗೆ ಇದ್ದ ಕೊನೇ ಮೆಟ್ಟಿಲು ಕೋಲ್ಕತ್ತ. ಪ್ರತಿಭೆಯಲ್ಲಿ ಕಡಿಮೆ ಇದ್ದರು ಅಂತ ಅಲ್ಲ, ಹತ್ತೋಕೆ ಮುಂದೆ ಮೆಟ್ಟಿಲೇ ಇರಲಿಲ್ಲ.

ಒಂದು ಖುಷಿ ವಿಷಯ. ಮೈಸೂರು ಹೆಸರಲ್ಲಿ ನಮ್ಮ ರಾಜ್ಯ 1968-69ರಲ್ಲಿ ನಾಲ್ಕನೇ ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ 54 ವರ್ಷ ಬರ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಮತ್ತೆ ಗೆದ್ದೆವು, ಈ ಸಲ ಕರ್ನಾಟಕ ಅನ್ನೋ ಹೆಸರಲ್ಲಿ.

ಅಸಾನೊ ಗೋಲನ್ನ ನಾನು ಫೋನಲ್ಲಿ ನೂರು ಸಲ ನೋಡಿದೀನಿ. ಅಹಮದ್ ಖಾನ್ ಆಟವನ್ನ ಹಾಗೆ ಬೇಕಾದಾಗ ನೋಡೋಕಾಗಲ್ಲ. ಅದು ಉಳಿದಿರೋದು ನೋಡಿದವರ ನೆನಪಲ್ಲಿ. ನನ್ನ ರೂಮ್‌ಮೇಟ್‌ನ ತಾತನಿಗೆ ಆ ನೆನಪಿದೆ. ನಮ್ಮ ಅಜ್ಜಂದಿರಿಗೂ ಇರಬಹುದು, ನಾವು ಕೇಳಿಲ್ಲ ಅಷ್ಟೆ. 1968ರಲ್ಲಿ ಕಾಲೇಜು ಹುಡುಗರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದ್ಸಲ ಕೇಳಿ ನೋಡಿ: "ತಾತ, ನೀವು ಫುಟ್‌ಬಾಲ್ ನೋಡ್ತಿದ್ರಾ? ಯಾರು ಚೆನ್ನಾಗಿ ಆಡ್ತಿದ್ರು?" ಅವರು ಹೇಳಿದ್ದನ್ನ ಹಾಗೇ ಬರೆದು ನಮ್ಮ ಸಂಘಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.