ಚೌಕದಿಂದ ದುಂಡಿಗೆ: ಪೀನ ಘನಗಳ ರಚನೆ

ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿರುವ ಏಕಶಿಲೆಯ ಬಸವನನ್ನು ಭಕ್ತರು ಕಾಣುವ ಬಗೆ ಒಂದು, ರೇಖಾಗಣಿತಜ್ಞನು ಕಾಣುವ ಬಗೆ ಮತ್ತೊಂದು. ಬಸವನ ಕಿವಿಯ ತುದಿಯಿಂದ ಹಿಣಿಲಿನವರೆಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ನಡುವಣ ದಾರವು ಕಲ್ಲನ್ನು ಸೋಂಕದೆ ಬಯಲಲ್ಲಿ ನಿಲ್ಲುತ್ತದೆ. ಆದುದರಿಂದ ಆ ವಿಗ್ರಹವು ಪೀನಾಕೃತಿಯಲ್ಲ. ಯಾವ ಘನದಲ್ಲಿ ಎಲ್ಲಿಯ ಎರಡು ಬಿಂದುಗಳನ್ನು ಆಯ್ದುಕೊಂಡರೂ ಅವನ್ನು ಕೂಡಿಸುವ ಸರಳರೇಖೆಯು ಘನದೊಳಗೇ ಉಳಿಯುವುದೋ ಅದು ಪೀನ ಘನ. ಅದರ ಮುಖಗಳೆಲ್ಲವೂ ಸಮತಲಗಳಾಗಿದ್ದರೆ ಅದು ಪೀನ ಬಹುಮುಖ ಘನ.

ಇಂತಹ ಘನವನ್ನು ರಚಿಸುವ ಅತಿ ಸರಳ ಮಾರ್ಗವು ಕಲ್ಲುಕುಟಿಗನದು. ಪೀನವಾದ ಒಂದು ದಿಮ್ಮಿಯನ್ನು ನೇರವಾದ ಒಂದೇ ಸಮತಲದಲ್ಲಿ ಕಡಿದರೆ ಉಳಿದ ಭಾಗವೂ ಪೀನವೇ ಆಗಿರುತ್ತದೆ. ಏಕೆಂದರೆ ಉಳಿದ ಭಾಗದ ಯಾವ ಎರಡು ಬಿಂದುಗಳಾದರೂ ಕಡಿತದ ಒಂದೇ ಮಗ್ಗುಲಿನಲ್ಲಿರುವುವು. ಅವನ್ನು ಕೂಡಿಸುವ ರೇಖೆಯು ಆ ಕಡಿತವನ್ನು ದಾಟಲಾರದು. ಎಷ್ಟು ಸಲ ಕಡಿದರೂ ಈ ಮಾತು ನಿಲ್ಲುತ್ತದೆ. ಮಾತ್ರವಲ್ಲ, ಯಾವ ಪೀನ ಬಹುಮುಖ ಘನವನ್ನಾದರೂ ಮುಖಕ್ಕೊಂದರಂತೆ ಕಡಿದು ಪಡೆಯಬಹುದು. ಬಸವನನ್ನು ಹೀಗೆ ಪಡೆಯುವುದು ಅಸಾಧ್ಯ. ಅಲ್ಲಿ ಉಳಿಯು ಒಳಹೊಕ್ಕು ಕೊರೆಯಲೇಬೇಕು.

‘ಮಯಮತ’, ‘ಮಾನಸಾರ’ ಮೊದಲಾದ ಶಿಲ್ಪಗ್ರಂಥಗಳಲ್ಲಿ ಸ್ಥಾವರಲಿಂಗಕ್ಕೆ ಮೂರು ಭಾಗಗಳು ಹೇಳಲ್ಪಟ್ಟಿವೆ: ಕೆಳಗೆ ಚೌಕವಾದ ಬ್ರಹ್ಮಭಾಗ, ಪೀಠದೊಳಗೆ ಅಡಗುವ ಎಂಟುಮೂಲೆಯ ವಿಷ್ಣುಭಾಗ, ಮೇಲೆ ಕಣ್ಣಿಗೆ ಕಾಣುವ ದುಂಡಾದ ರುದ್ರಭಾಗ. ಕಲ್ಯಾಣದ ಚಾಲುಕ್ಯರ ಕಾಲದ ಕಂಬಗಳಲ್ಲಿಯೂ ಚೌಕ, ಎಂಟುಮೂಲೆ, ದುಂಡುಗಳು ಒಂದರ ಮೇಲೊಂದು ಬರುವುದುಂಟು. ಚೌಕದಿಂದ ಎಂಟುಮೂಲೆಯನ್ನು ತೆಗೆಯುವಲ್ಲಿಯೇ ಜಾಣ್ಮೆಯಿದೆ. ಬದಿಯನ್ನು ಮೂರು ಸಮಭಾಗ ಮಾಡಿ ಮೂಲೆ ಕಡಿದರೆ ಸಾಕೆಂದು ತೋರುವುದು ಸಹಜ. ೨೪ ಅಂಗುಲದ ಬದಿಯಲ್ಲಿ ಹೀಗೆ ಮಾಡಿದರೆ ಹಳೆಯ ಬದಿ ೮ ಅಂಗುಲ ಉಳಿದು, ಹೊಸ ಬದಿ ೧೧ ಅಂಗುಲವನ್ನೂ ಮೀರುತ್ತದೆ. ಒಮ್ಮೆ ಹೆಚ್ಚು ಕಡಿದ ಕಲ್ಲು ಮರಳಿ ಕೂಡಿಕೊಳ್ಳದು. ಸರಿಯಾದ ಕ್ರಮವೆಂದರೆ, ಮೂಲೆಯಿಂದ ಚೌಕದ ನಡುಬಿಂದುವಿನವರೆಗೆ ಹಗ್ಗದಿಂದ ಅಳೆದು, ಅದೇ ಅಳತೆಯನ್ನು ಆ ಮೂಲೆಯ ಎರಡೂ ಬದಿಗಳ ಮೇಲೆ ಗುರುತಿಸುವುದು. ನಾಲ್ಕು ಮೂಲೆಗಳಿಂದಲೂ ಗುರುತಿಸಿದಾಗ ದೊರೆಯುವ ಎಂಟು ಬಿಂದುಗಳೇ ಸಮ ಅಷ್ಟಭುಜದ ಮೂಲೆಗಳು. ಆ ಅಳತೆಯು ೧೭ ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ಆದುದರಿಂದ ಬದಿಯು ೭, ೧೦, ೭ ಎಂದು ಒಡೆಯುತ್ತದೆ. ಮತ್ತೆ ಎಂಟು ಅಂಚುಗಳನ್ನು ಕಡಿದರೆ ಹದಿನಾರು ಮೂಲೆ. ಹೀಗೆಯೇ ಮುಂದುವರಿದರೆ ದುಂಡು ಸಮೀಪಿಸುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಚೌಕಭಾಗ, ಎಂಟುಮೂಲೆಯ ಭಾಗಗಳು ಬಿಡಿಬಿಡಿಯಾಗಿ ಪೀನವಾದರೂ, ಅಷ್ಟೇ ಅಗಲದ ಚೌಕದ ಮೇಲೆ ಎಂಟುಮೂಲೆಯು ನಿಂತಾಗ ಕಡಿದ ಮೂಲೆಗಳಲ್ಲಿ ತ್ರಿಕೋನಾಕಾರದ ಮೆಟ್ಟಿಲು ಉಳಿಯುತ್ತದೆ. ಮೆಟ್ಟಿಲಿನ ತುದಿಯಿಂದ ಮೇಲ್ಭಾಗಕ್ಕೆ ಹಿಡಿದ ದಾರವು ಮತ್ತೆ ಬಯಲಲ್ಲಿ ನಿಲ್ಲುವುದು. ಪೀನಗಳನ್ನು ಕೂಡಿಸಿದ ಮಾತ್ರಕ್ಕೆ ಪೀನವು ದೊರೆಯದು.

ಕಡಿಯುವಾಗ ಏರುವ ಲೆಕ್ಕವೂ ನಿಯಮಬದ್ಧವೇ. ಚೌಕ ಕಂಬಕ್ಕೆ ಮುಖ ೬, ಶೃಂಗ ೮, ಅಂಚು ೧೨. ಉದ್ದದ ಒಂದು ಅಂಚನ್ನು ಕಡಿದರೆ ಒಂದು ಮುಖ, ಎರಡು ಶೃಂಗ, ಮೂರು ಅಂಚು ಹೆಚ್ಚುತ್ತವೆ. ನಾಲ್ಕನ್ನೂ ಕಡಿದಾಗ ಮುಖ ೧೦, ಶೃಂಗ ೧೬, ಅಂಚು ೨೪. ಮುಖ, ಶೃಂಗಗಳ ಮೊತ್ತದಲ್ಲಿ ಅಂಚುಗಳನ್ನು ಕಳೆದರೆ ಎರಡು ಕಡೆಯೂ ಉಳಿಯುವುದು ೨. ಆಯ್ಲರನು ೧೭೫೦ರಲ್ಲಿ ಗೋಲ್ಡ್‌ಬಾಖನಿಗೆ ಬರೆದ ಪತ್ರದಲ್ಲಿ ತಿಳಿಸಿದ ಸೂತ್ರವಿದು. ಇದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದಕ್ಕಿಂತ ಒಂದು ಸಾಬೂನಿನ ತುಂಡನ್ನು ಕೊಯ್ದು ಎಣಿಸಹೇಳುವುದು ಮೇಲು.

ಪ್ರಕೃತಿಯೂ ಮೂಲೆಗಳನ್ನೇ ಮೊದಲು ತೆಗೆಯುತ್ತದೆ. ಬಳ್ಳಾರಿಯ ಗುಡ್ಡಗಳಲ್ಲಿ ಬಿರುಕುಗಳ ನಡುವಣ ಗ್ರಾನೈಟ್ ಗಡ್ಡೆಗಳಿಗೆ ಗಾಳಿ ಮಳೆಗಳು ಮುಖದಲ್ಲಿ ಒಂದು ಕಡೆಯಿಂದ, ಅಂಚಿನಲ್ಲಿ ಎರಡು ಕಡೆಯಿಂದ, ಮೂಲೆಯಲ್ಲಿ ಮೂರು ಕಡೆಯಿಂದ ತಾಗುತ್ತವೆ. ಅಂತೆಯೇ ಅವು ಗುಂಡಾಗುತ್ತವೆ. ಸಿರುಗುಪ್ಪದ ಬಳಿ ಹರಿಯುವ ತುಂಗಭದ್ರೆಯಂತಹ ಹೊಳೆಗಳಲ್ಲಿ ಒಂದಕ್ಕೊಂದು ತಾಕಿ ಉರುಳುವ ಕಲ್ಲುಗಳ ಪಾಡೂ ಇದೇ.

ಕಡಿಯುವುದಕ್ಕೆ ಬದಲು ಮುಖಗಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಅಂಟಿಸುವುದು ಇನ್ನೊಂದು ಮಾರ್ಗ. ಮುಖಗಳೂ ಅವುಗಳ ಜೋಡಣೆಯೂ ಗೊತ್ತಾಗಿದ್ದರೆ ಪೀನ ಘನದ ಆಕಾರವು ಒಂದೇ ಎಂಬುದನ್ನು ೧೮೧೩ರಲ್ಲಿ ಕೋಶಿಯು ಸಾಧಿಸಿದನು. ಸಮಬಾಹು ತ್ರಿಕೋನಗಳನ್ನು ಶೃಂಗವೊಂದಕ್ಕೆ ಮೂರರಂತೆ ಕೂಡಿಸಿದರೆ ಚತುರ್ಮುಖ, ನಾಲ್ಕರಂತೆ ಅಷ್ಟಮುಖ, ಐದರಂತೆ ವಿಂಶತಿಮುಖ ಘನಗಳು ಎದ್ದು ನಿಲ್ಲುತ್ತವೆ. ಆರನ್ನು ಕೂಡಿಸಿದರೆ ಕಾಗದವು ಮೇಲೇಳದೆ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ.